ಎಡಕ್ಕೆ ಮುಖ ಮಾಡಿದ ರಾಜನ ಹೊರಬಾರದ ನಾಣ್ಯ

2020ರ ಜನವರಿಯಲ್ಲಿ ಬ್ರಿಟನ್ನಿನ ಸರ್ಕಾರಿ ಟಂಕಸಾಲೆ ರಾಯಲ್ ಮಿಂಟ್ ಒಂದು ಮಾರಾಟದ ಸುದ್ದಿ ಪ್ರಕಟಿಸಿತು. ಒಂದು ಚಿನ್ನದ ನಾಣ್ಯ ಹತ್ತು ಲಕ್ಷ ಪೌಂಡಿಗೆ ಕೈಬದಲಾಗಿತ್ತು. ಆಗಿನ ನಮ್ಮ ಲೆಕ್ಕದಲ್ಲಿ ಅದು ಒಂಬತ್ತು ಕೋಟಿ ರೂಪಾಯಿಗೂ ಮಿಗಿಲು. ನಾಣ್ಯದ ಅಗಲ 22 ಮಿಲಿಮೀಟರ್, ತೂಕ ಎಂಟು ಗ್ರಾಂಗೆ ಕೂದಲೆಳೆಯಷ್ಟು ಕಡಿಮೆ. ಕರಗಿಸಿ ಅಕ್ಕಸಾಲಿಗರ ತಕ್ಕಡಿಗೆ ಹಾಕಿದ್ದರೆ ಆ ದಿನ ಮೂವತ್ತು ಸಾವಿರ ರೂಪಾಯಿಯ ಆಸುಪಾಸು ಸಿಗುತ್ತಿತ್ತು. ಉಳಿದ ಒಂಬತ್ತು ಕೋಟಿಯನ್ನು ಕೊಂಡವರು ತೆತ್ತದ್ದು ಚಿನ್ನಕ್ಕಲ್ಲ, ಒಬ್ಬ ರಾಜ ಪಟ್ಟಾಭಿಷೇಕಕ್ಕೂ ನಿಲ್ಲದೆ ಎದ್ದುಹೋದ ಕಥೆಗೆ.

ಆ ನಾಣ್ಯ ಎಂಟನೇ ಎಡ್ವರ್ಡನ 1937ರ ಸವರನ್. ಇಸವಿ 1937 ಎಂದಿದೆ, ಆದರೆ 1937 ಹುಟ್ಟುವಾಗ ಎಡ್ವರ್ಡ್ ರಾಜನಾಗಿರಲಿಲ್ಲ. ಈ ಸವರನ್ ಅಂಗಡಿಯಲ್ಲಾಗಲಿ ಬ್ಯಾಂಕಿನಲ್ಲಾಗಲಿ ಒಂದು ದಿನವೂ ಚಲಾವಣೆಯಾಗಲಿಲ್ಲ. ಕಾನೂನಿನ ಕಣ್ಣಿಗೆ ಇದು ನಾಣ್ಯವೇ ಅಲ್ಲ. ಹೊಸ ವಿನ್ಯಾಸದ ನಾಣ್ಯಕ್ಕೆ ಮಾನ್ಯತೆ ಬರಬೇಕಾದರೆ ರಾಜಾಜ್ಞೆ ಹೊರಡಬೇಕಿತ್ತು, ಅದು ಹೊರಡಲಿಲ್ಲ. ಹಾಗಾಗಿ ಇದು ಅಚ್ಚು ಸರಿಯಿದೆಯೇ ಎಂದು ನೋಡಲು ಒತ್ತಿದ ಮಾದರಿ ಮಾತ್ರ. ಇಂಥ ಸವರನ್‌ಗಳು ಒಟ್ಟು ಆರು ಇವೆ ಎಂದು ರಾಯಲ್ ಮಿಂಟ್ ಹೇಳುತ್ತದೆ. ನಾಲ್ಕು ವಸ್ತುಸಂಗ್ರಹಾಲಯ ಮತ್ತು ಸಂಸ್ಥೆಗಳ ವಶದಲ್ಲಿವೆ, ಎರಡು ಖಾಸಗಿಯವರ ಕೈಯಲ್ಲಿವೆ.

ಸವರನ್ ಎಂಬ ನಾಣ್ಯಕ್ಕೇ ದೊಡ್ಡ ವಂಶಾವಳಿ ಇದೆ. 1489ರಲ್ಲಿ ಏಳನೇ ಹೆನ್ರಿ ಈ ಹೆಸರಿನ ಚಿನ್ನದ ನಾಣ್ಯವನ್ನು ಮೊದಲು ಹೊರಡಿಸಿದ. ಅದು ಅಗಲವಾದ, ಭಾರವಾದ, ರಾಜ ಸಿಂಹಾಸನದ ಮೇಲೆ ಕುಳಿತ ಚಿತ್ರವಿದ್ದ ವೈಭವದ ನಾಣ್ಯ. ಇಂದು ನಾವು ಕಾಣುವ ಸವರನ್ ಹುಟ್ಟಿದ್ದು ನೆಪೋಲಿಯನ್ ಯುದ್ಧಗಳು ಮುಗಿದ ಮೇಲೆ. ಯುದ್ಧಕಾಲದ ಕಾಗದದ ಹಣದಿಂದ ಬಸವಳಿದಿದ್ದ ದೇಶ 1816ರಲ್ಲಿ ತನ್ನ ನಾಣ್ಯ ವ್ಯವಸ್ಥೆಯನ್ನೇ ಹೊಸದಾಗಿ ಕಟ್ಟಲು ಹೊರಟಿತು. ಮರುವರ್ಷ ಒಂದು ಪೌಂಡ್ ಬೆಲೆಯ ಸವರನ್ ಬಂತು. 22 ಕ್ಯಾರಟ್ ಚಿನ್ನ, 7.988 ಗ್ರಾಂ ತೂಕ, ಅದರಲ್ಲಿ ಅಪ್ಪಟ ಚಿನ್ನ 7.32 ಗ್ರಾಂ. ಇನ್ನೂರು ವರ್ಷ ದಾಟಿದರೂ ಈ ಅಳತೆ ಬದಲಾಗಿಲ್ಲ. ಹಿಂಬದಿಯಲ್ಲಿ ಸಂತ ಜಾರ್ಜ್ ಕುದುರೆಯೇರಿ ಘಟಸರ್ಪವನ್ನು ಕೊಲ್ಲುವ ಚಿತ್ರ. ಅದನ್ನು ಕೆತ್ತಿದವನು ರೋಮ್‌ನಲ್ಲಿ ಹುಟ್ಟಿದ, ಕಲ್ಲಿನಲ್ಲಿ ಸೂಕ್ಷ್ಮ ಉಬ್ಬುಚಿತ್ರ ಕೊರೆಯುವ ಕಸುಬಿನ ಬೆನೆಡೆಟ್ಟೊ ಪಿಸ್ಟ್ರೂಚಿ. ಆ ಕುದುರೆಯ ಎದೆಯ ಸೆಟೆತ, ಸವಾರನ ಹಿಂದೆ ಹಾರುವ ಬಟ್ಟೆ, ಗೊರಸಿನಡಿ ನುಲಿಯುವ ಸರ್ಪ ಇವೆಲ್ಲ ಒಂದು ಇಂಚಿಗೂ ಕಡಿಮೆ ಜಾಗದಲ್ಲಿ ಇಕ್ಕಟ್ಟಿಲ್ಲದೆ ಕೂತಿವೆ. ನನ್ನ ಮಟ್ಟಿಗೆ ನಾಣ್ಯದ ಮೇಲೆ ಬಂದ ಅತ್ಯುತ್ತಮ ಚಿತ್ರಗಳಲ್ಲಿ ಇದೊಂದು.

ಎಡ್ವರ್ಡನ ಕಾಲಕ್ಕೆ ಮಾತ್ರ ಸವರನ್ ವ್ಯವಹಾರದ ನಾಣ್ಯವಾಗಿ ಉಳಿದಿರಲಿಲ್ಲ. ಮೊದಲ ಮಹಾಯುದ್ಧ ಆರಂಭವಾದ 1914ರಲ್ಲಿ ಬ್ರಿಟನ್ನಿನ ಜನರ ಜೇಬಿನಿಂದ ಚಿನ್ನ ಮಾಯವಾಗಿ ಕಾಗದದ ನೋಟು ಬಂತು. 1931ರ ಸೆಪ್ಟೆಂಬರಿನಲ್ಲಿ ಹಣದ ಬೆಲೆಯನ್ನು ಚಿನ್ನಕ್ಕೆ ಕಟ್ಟುವ ಪದ್ಧತಿಯನ್ನೇ ದೇಶ ಕೈಬಿಟ್ಟಿತು. ಸಾಮ್ರಾಜ್ಯದ ಶಾಖಾ ಟಂಕಸಾಲೆಗಳಲ್ಲಿ ಕೊನೆಯದಾಗಿ ದಕ್ಷಿಣ ಆಫ್ರಿಕಾದ ಪ್ರಿಟೋರಿಯ 1932ರಲ್ಲಿ ಸವರನ್ ಅಚ್ಚನ್ನು ನಿಲ್ಲಿಸಿತು. ಆದರೂ ಹೊಸ ರಾಜ ಬಂದಾಗ ಚಿನ್ನದ ನಾಣ್ಯ ಒತ್ತುವುದು ಮರ್ಯಾದೆಯ ಪ್ರಶ್ನೆ. ಪಟ್ಟಾಭಿಷೇಕದ ನೆನಪಿಗೆ ಸಂಗ್ರಾಹಕರಿಗೆ ಕೊಡುವ ಪೆಟ್ಟಿಗೆಯಲ್ಲಿ ಚಿನ್ನ ಇರಲೇಬೇಕು ಎಂಬ ಲೆಕ್ಕದಲ್ಲಿ ಈ ಮಾದರಿಗಳ ಕೆಲಸ ನಡೆದಿತ್ತು.

ಐದನೇ ಜಾರ್ಜ್ 1936ರ ಜನವರಿ 20ರಂದು ತೀರಿಕೊಂಡ. ಹಿರಿಯ ಮಗ ಎಡ್ವರ್ಡ್ ಪಟ್ಟಕ್ಕೆ ಬಂದ. ಅವನಿಗೆ ಆಗ 41 ವರ್ಷ. ಯುವರಾಜನಾಗಿ ಜಗತ್ತು ಸುತ್ತಿದವನು, ಸಿನಿಮಾ ತಾರೆಯಷ್ಟು ಜನಪ್ರಿಯ, ಹಳೆಯ ಸಂಪ್ರದಾಯಗಳೆಂದರೆ ಬೇಸರ. 1921ರ ನವೆಂಬರಿನಲ್ಲಿ ಅವನು ಮುಂಬೈಗೆ ಬಂದಿಳಿದಾಗ ಕಾಂಗ್ರೆಸ್ ಬಹಿಷ್ಕಾರದ ಕರೆ ಕೊಟ್ಟಿತ್ತು, ನಗರದಲ್ಲಿ ಗಲಭೆಯೂ ನಡೆದಿತ್ತು. ಅದೇ ಪ್ರವಾಸದಲ್ಲಿ 1922ರ ಜನವರಿಯಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಅತಿಥಿಯಾಗಿ ಮೈಸೂರಿಗೂ ಬಂದುಹೋಗಿದ್ದ.

ಹೊಸ ರಾಜ ಬಂದನೆಂದರೆ ಟಂಕಸಾಲೆಗೆ ಕೈತುಂಬ ಕೆಲಸ. ಕಲಾವಿದ ರಾಜನ ಮುಖವನ್ನು ಮೊದಲು ನಾಣ್ಯದ ಹಲವು ಪಟ್ಟು ದೊಡ್ಡದಾಗಿ ಗಚ್ಚಿನಲ್ಲಿ ರೂಪಿಸಬೇಕು. ಅದರಿಂದ ಲೋಹದ ಪ್ರತಿ ತೆಗೆಯಬೇಕು. ಆಮೇಲೆ ಕಿರಿದುಗೊಳಿಸುವ ಯಂತ್ರದ ಒಂದು ತುದಿಯ ಸೂಜಿ ಆ ದೊಡ್ಡ ಮುಖದ ಉಬ್ಬು ತಗ್ಗುಗಳ ಮೇಲೆ ನಿಧಾನವಾಗಿ ಓಡಾಡಿದರೆ, ಇನ್ನೊಂದು ತುದಿಯ ಉಳಿ ಅದೇ ಮುಖವನ್ನು ನಾಣ್ಯದ ಅಳತೆಯಲ್ಲಿ ಉಕ್ಕಿನ ಮೇಲೆ ಕೊರೆಯುತ್ತದೆ. ಹೀಗೆ ಹುಟ್ಟಿದ ಮೂಲ ಅಚ್ಚಿನಿಂದ ಮರಿ ಅಚ್ಚುಗಳು, ಮರಿ ಅಚ್ಚುಗಳಿಂದ ನಾಣ್ಯಗಳು. ಪ್ರತಿ ಹಂತದಲ್ಲೂ ಏನೋ ಸ್ವಲ್ಪ ಸವೆಯುತ್ತದೆ, ಏನೋ ತುಸು ಮಂಕಾಗುತ್ತದೆ. ಗಚ್ಚಿನಲ್ಲಿ ಚೆಂದ ಕಂಡ ಮೂಗು ಚಿನ್ನದಲ್ಲಿ ಚಪ್ಪಟೆಯಾಗಬಹುದು. ಹಿಂಬದಿಯ ಕುದುರೆ ಆಳವಾಗಿದ್ದರೆ ಮುಂಬದಿಯ ಕೆನ್ನೆಗೆ ಲೋಹ ತುಂಬದೆ ಹೋಗಬಹುದು. ಇದೆಲ್ಲದರ ಪರೀಕ್ಷೆಗೆ ಬೆರಳೆಣಿಕೆಯಷ್ಟು ಮಾದರಿ ನಾಣ್ಯಗಳನ್ನು ಒತ್ತಿ ನೋಡುವುದು ಎಲ್ಲ ಟಂಕಸಾಲೆಗಳ ಪದ್ಧತಿ. ಸಾಮಾನ್ಯವಾಗಿ ಕೆಲಸ ಮುಗಿದ ಮೇಲೆ ಅವು ಕಡತಕ್ಕೆ ಸೇರುತ್ತವೆ, ಇಲ್ಲವೇ ಕುಲುಮೆಗೆ.

ಎಡ್ವರ್ಡನ ಮುಖವನ್ನು ರೂಪಿಸಿದವನು ಹಂಫ್ರಿ ಪ್ಯಾಜೆಟ್ ಎಂಬ ಪದಕ ಶಿಲ್ಪಿ. ಮುಖ ಸುಲಭವಾಗಿಯೇ ಒಪ್ಪಿಗೆಯಾಯಿತು. ಮುಖದ ದಿಕ್ಕು ಆಗಲಿಲ್ಲ.

ಇಂಗ್ಲೆಂಡಿನಲ್ಲಿ ಎರಡನೇ ಚಾರ್ಲ್ಸನ ಕಾಲದಿಂದ, ಎಂದರೆ ಹದಿನೇಳನೇ ಶತಮಾನದಿಂದ, ಒಂದು ರೂಢಿ ನಡೆದುಬಂದಿತ್ತು. ಹೊಸ ರಾಜನ ಮುಖ ಹಿಂದಿನ ರಾಜನ ಮುಖಕ್ಕೆ ವಿರುದ್ಧ ದಿಕ್ಕಿಗೆ ತಿರುಗಿರಬೇಕು. ಮೊದಲನೇ ಜಾರ್ಜ್ ಬಲಕ್ಕೆ ನೋಡಿದರೆ ಎರಡನೆಯವನು ಎಡಕ್ಕೆ, ಮೂರನೆಯವನು ಮತ್ತೆ ಬಲಕ್ಕೆ. ವಿಕ್ಟೋರಿಯಾ ಎಡಕ್ಕೆ, ಅವಳ ಮಗ ಏಳನೇ ಎಡ್ವರ್ಡ್ ಬಲಕ್ಕೆ, ಮೊಮ್ಮಗ ಐದನೇ ಜಾರ್ಜ್ ಎಡಕ್ಕೆ. ಇದನ್ನು ಯಾವ ಕಾನೂನೂ ಹೇಳುವುದಿಲ್ಲ. ಆದರೂ ಇನ್ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲ ಯಾರೂ ಮುರಿದಿರಲಿಲ್ಲ. ಅಪ್ಪ ಎಡಕ್ಕೆ ನೋಡಿದ್ದರಿಂದ ಎಂಟನೇ ಎಡ್ವರ್ಡ್ ಬಲಕ್ಕೆ ನೋಡಬೇಕಿತ್ತು.

ಅವನು ಒಲ್ಲೆನೆಂದ. ಎಡಗಡೆಯಿಂದ ತನ್ನ ಮುಖ ಚೆನ್ನಾಗಿ ಕಾಣುತ್ತದೆ ಎಂಬುದು ಅವನ ನಂಬಿಕೆ. ಅವನ ಕೂದಲಿನ ಬೈತಲೆ ಇದ್ದದ್ದೂ ಎಡಕ್ಕೆ. ಎಡಕ್ಕೆ ತಿರುಗಿದ ಚಿತ್ರದಲ್ಲಿ ಬೈತಲೆಯ ಗೆರೆ ಕಾಣುತ್ತದೆ, ಬಲಕ್ಕೆ ತಿರುಗಿಸಿದರೆ ಕೂದಲಿನ ಒಂದೇ ಮುದ್ದೆ. ಟಂಕಸಾಲೆಯನ್ನು ನಡೆಸುತ್ತಿದ್ದ ಉಪ ಮುಖ್ಯಸ್ಥ ಸರ್ ರಾಬರ್ಟ್ ಜಾನ್ಸನ್ ರೂಢಿಯನ್ನು ನೆನಪಿಸಿದ. ರಾಜ ಕದಲಲಿಲ್ಲ. ಕೊನೆಗೆ ಎಡಕ್ಕೇ ತಿರುಗಿದ ಮುಖ ಅಚ್ಚಿಗೆ ಹೋಯಿತು.

ಇದನ್ನು ಬರಿಯ ಒಣಜಂಭ ಎಂದು ಪಕ್ಕಕ್ಕಿಡಲು ನನಗೆ ಮನಸ್ಸಿಲ್ಲ. ನಾಣ್ಯದ ಮೇಲಿನ ಮುಖ ಯಾರದ್ದು ಎಂಬ ಪ್ರಶ್ನೆ ಇಲ್ಲಿದೆ. ಎಡ್ವರ್ಡ್ ಅದನ್ನು ತನ್ನ ಮುಖ ಎಂದುಕೊಂಡಿದ್ದ. ತನ್ನ ಮುಖ ಹೇಗೆ ಕಾಣಬೇಕೆಂದು ಹೇಳುವ ಹಕ್ಕು ತನಗಿದೆ ಎಂದುಕೊಂಡಿದ್ದ. ಟಂಕಸಾಲೆಯವರ ಪಾಲಿಗೆ ಅದು ಸಿಂಹಾಸನದ ಮುಖ. ಈ ಸಲ ಅದರ ಮೇಲೆ ಕೂತವನ ಮೂಗು, ಹಣೆ, ಕೂದಲನ್ನು ಅದು ಎರವಲು ಪಡೆದಿದೆ, ಅಷ್ಟೆ. ರಾಜ ಸತ್ತರೂ ಹಣ ಸಾಯಬಾರದು. ಒಂದು ಆಳ್ವಿಕೆಯ ಪೌಂಡು ಮುಂದಿನ ಆಳ್ವಿಕೆಯಲ್ಲೂ ಪೌಂಡೇ ಆಗಿರಬೇಕು. ಎಡ ಬಲಗಳ ಈ ಸರದಿ ಒಬ್ಬನು ಹೋಗಿ ಇನ್ನೊಬ್ಬನು ಬಂದ, ವ್ಯವಸ್ಥೆ ಅಲ್ಲೇ ಇದೆ ಎಂದು ಓದು ಬಾರದವರಿಗೂ ಹೇಳುತ್ತಿತ್ತು. ಎಡ್ವರ್ಡನ ಹಟ ಆ ಸರಪಳಿಯ ಕೊಂಡಿಗೆ ತಾಗಿತ್ತು.

ಆ ವರ್ಷದ ಕೊನೆಗೆ ಇನ್ನೂ ದೊಡ್ಡ ಹಟ ಬಯಲಿಗೆ ಬಂತು. ಅಮೆರಿಕದ ವಾಲಿಸ್ ಸಿಂಪ್ಸನ್‌ಳನ್ನು ಮದುವೆಯಾಗುವುದಾಗಿ ರಾಜ ಪಟ್ಟುಹಿಡಿದ. ಆಕೆಗೆ ಒಂದು ವಿಚ್ಛೇದನ ಆಗಿತ್ತು, ಎರಡನೆಯದು ನಡೆದಿತ್ತು. ಇಂಗ್ಲೆಂಡಿನ ಚರ್ಚಿಗೆ ರಾಜನೇ ಪರಮಾಧಿಕಾರಿ. ಆ ಚರ್ಚು ಮೊದಲ ಗಂಡ ಬದುಕಿರುವಾಗ ವಿಚ್ಛೇದಿತರ ಮರುಮದುವೆಯನ್ನು ಒಪ್ಪುತ್ತಿರಲಿಲ್ಲ. ಪ್ರಧಾನಿ ಸ್ಟ್ಯಾನ್ಲಿ ಬಾಲ್ಡ್ವಿನ್ ಒಪ್ಪಲಿಲ್ಲ, ಸಾಮ್ರಾಜ್ಯದ ಸ್ವಯಮಾಡಳಿತದ ದೇಶಗಳೂ ಒಪ್ಪಲಿಲ್ಲ. ಡಿಸೆಂಬರ್ 10ರಂದು ಎಡ್ವರ್ಡ್ ಸಿಂಹಾಸನ ತ್ಯಾಗದ ಪತ್ರಕ್ಕೆ ಸಹಿ ಹಾಕಿದ, ಮರುದಿನ ಸಂಸತ್ತು ಅದನ್ನು ಕಾನೂನು ಮಾಡಿತು. ಆಳಿದ್ದು 326 ದಿನ. ತಮ್ಮ ಆಲ್ಬರ್ಟ್ ಆರನೇ ಜಾರ್ಜ್ ಎಂಬ ಹೆಸರಿನಲ್ಲಿ ರಾಜನಾದ. ಅಣ್ಣನ ಪಟ್ಟಾಭಿಷೇಕಕ್ಕೆ ಗೊತ್ತುಮಾಡಿದ್ದ 1937ರ ಮೇ 12ರಂದೇ ತಮ್ಮನ ತಲೆಗೆ ಕಿರೀಟ ಬಂತು.

ಎಡ್ವರ್ಡನ ನಾಣ್ಯಗಳನ್ನು 1937ರ ಹೊಸ ವರ್ಷದಿಂದ ಜನರಿಗೆ ಕೊಡಬೇಕೆಂಬ ಸಿದ್ಧತೆ ನಡೆದಿತ್ತು. ಅದು ಮೂರು ವಾರ ಬಾಕಿಯಿರುವಾಗ ನಿಂತಿತು. ಮಾದರಿ ನಾಣ್ಯಗಳು ಮುಚ್ಚಿದ ಪೆಟ್ಟಿಗೆಯಲ್ಲಿ ಉಪ ಮುಖ್ಯಸ್ಥನ ತಿಜೋರಿ ಸೇರಿದವು. ಜಾನ್ಸನ್ 1938ರಲ್ಲಿ ತೀರಿಕೊಂಡ. ಯುದ್ಧ ಬಂತು, ಮುಗಿಯಿತು, ಜಾರ್ಜನೂ ತೀರಿಕೊಂಡ, ಅವನ ಮಗಳು ರಾಣಿಯಾದಳು. ಆ ಪೆಟ್ಟಿಗೆಯನ್ನು ತೆರೆದದ್ದು 1970ರಲ್ಲಿ. ಈ ನಡುವೆ ವಿಂಡ್ಸರ್ ಡ್ಯೂಕ್ ಎನಿಸಿಕೊಂಡು ಫ್ರಾನ್ಸಿನಲ್ಲಿದ್ದ ಎಡ್ವರ್ಡ್ ತನ್ನ ನಾಣ್ಯಗಳ ಒಂದು ಜೋಡಣೆ ತನಗೆ ಬೇಕೆಂದು ಕೇಳಿದ್ದ. ತಮ್ಮ ಜಾರ್ಜ್ ಕೊಡಲು ಒಪ್ಪಲಿಲ್ಲ. ಎಡ್ವರ್ಡ್ 1972ರಲ್ಲಿ ಪ್ಯಾರಿಸ್ಸಿನಲ್ಲಿ ಸತ್ತ. ತನ್ನ ಇಷ್ಟದಂತೆ ಎಡಕ್ಕೆ ತಿರುಗಿಸಿಕೊಂಡ ಆ ಮುಖದ ನಾಣ್ಯಗಳು ಅವನ ಸ್ವತ್ತಾಗಲೇ ಇಲ್ಲ. ಅಣ್ಣತಮ್ಮಂದಿರ ನಡುವಿನ ಈ ಸಣ್ಣ ನಿರಾಕರಣೆ ನನಗೆ ಇಡೀ ಪ್ರಕರಣದಲ್ಲೇ ಹೆಚ್ಚು ನೋವಿನ ಸಂಗತಿಯಾಗಿ ಕಾಣುತ್ತದೆ.

ಹಾಗೆಂದು ಎಡ್ವರ್ಡನ ಹೆಸರಿನ ನಾಣ್ಯವೇ ಲೋಕದಲ್ಲಿ ಓಡಾಡಲಿಲ್ಲ ಎಂದಲ್ಲ. ಪೂರ್ವ ಆಫ್ರಿಕಾ, ಪಶ್ಚಿಮ ಆಫ್ರಿಕಾ, ಫಿಜಿ, ನ್ಯೂಗಿನಿಗಳಿಗೆ 1936ರ ಇಸವಿಯ ಚಿಲ್ಲರೆ ನಾಣ್ಯಗಳು ಅವನ ಹೆಸರಿನಲ್ಲೇ ಹೋದವು. ಅವುಗಳ ನಡುವೆ ತೂತು. ತೂತಿರುವ ನಾಣ್ಯದಲ್ಲಿ ಮುಖಕ್ಕೆ ಜಾಗವಿಲ್ಲ, ಹಾಗಾಗಿ ಎಡವೋ ಬಲವೋ ಎಂದು ಕಾಯುವ ಅಗತ್ಯವೂ ಇರಲಿಲ್ಲ. ಸುತ್ತ ಹೆಸರು ಕೊರೆದು ಲಕ್ಷಗಟ್ಟಲೆ ಒತ್ತಿದರು. ಇವತ್ತಿಗೂ ಅವು ಅಗ್ಗವಾಗಿ ಸಿಗುತ್ತವೆ. ನಮ್ಮಲ್ಲಿ ಕಛ್ ಸಂಸ್ಥಾನದ ಬೆಳ್ಳಿಯ ಕೋರಿ ನಾಣ್ಯಗಳ ಮೇಲೂ, ಜೋಧಪುರದ ತಾಮ್ರದ ಕಾಲಾಣೆಯ ಮೇಲೂ ಎಂಟನೇ ಎಡ್ವರ್ಡನ ಹೆಸರು ಬಂತು, ಅಲ್ಲೂ ಬರಿಯ ಅಕ್ಷರ. ಮೈಸೂರು ಸಂಸ್ಥಾನ ಹತ್ತೊಂಬತ್ತನೇ ಶತಮಾನದಲ್ಲೇ ಸ್ವಂತ ನಾಣ್ಯ ನಿಲ್ಲಿಸಿದ್ದರಿಂದ ಇಲ್ಲಿ ಅಂಥದ್ದಕ್ಕೆ ಅವಕಾಶ ಇರಲಿಲ್ಲ. ಬ್ರಿಟಿಷ್ ಭಾರತದ ರೂಪಾಯಿ, ಆಣೆ, ಪೈಸೆಗಳ ಮೇಲೆ ಐದನೇ ಜಾರ್ಜನ ನಂತರ ನೇರವಾಗಿ ಆರನೇ ಜಾರ್ಜನೇ ಬಂದ.

ಬ್ರಿಟನ್ನಿನೊಳಗೆ ಮಾತ್ರ ಒಂದು ಸಣ್ಣ ಸೋರಿಕೆ ಆಯಿತು. ಹನ್ನೆರಡು ಮೂಲೆಯ ಹೊಸ ಹಿತ್ತಾಳೆಬಣ್ಣದ ಮೂರು ಪೆನ್ಸ್ ನಾಣ್ಯವನ್ನು ಆಗ ತರುವುದರಲ್ಲಿದ್ದರು. ಕಾಸು ಹಾಕಿದರೆ ಸಾಮಾನು ಕೊಡುವ ಯಂತ್ರಗಳಲ್ಲಿ ಅದು ಸರಿಯಾಗಿ ಬೀಳುತ್ತದೆಯೇ ಎಂದು ನೋಡಲು ಯಂತ್ರ ತಯಾರಕರಿಗೆ ಎಡ್ವರ್ಡನ ಮುಖದ ಕೆಲವು ನಾಣ್ಯಗಳನ್ನು ಕೊಟ್ಟಿದ್ದರು. ಅವುಗಳಲ್ಲಿ ಕೆಲವು ಟಂಕಸಾಲೆಗೆ ಮರಳಲಿಲ್ಲ. ಚಿನ್ನವೂ ಅಲ್ಲದ, ಬೆಳ್ಳಿಯೂ ಅಲ್ಲದ ಆ ಮೂರು ಪೆನ್ಸ್ ಇಂದು ಸಂಗ್ರಾಹಕರ ಹರಾಜಿನಲ್ಲಿ ಚಿನ್ನವನ್ನು ಮೀರಿದ ಬೆಲೆಗೆ ಹೋಗುತ್ತದೆ.

ಚಿನ್ನದ ಮಾದರಿಗಳ ಬೆಲೆಯಂತೂ ಏರುತ್ತಲೇ ಬಂದಿದೆ. 2014ರಲ್ಲಿ ಲಂಡನ್ನಿನ ಬಾಲ್ಡ್ವಿನ್ಸ್ ಹರಾಜಿನಲ್ಲಿ ಎಡ್ವರ್ಡನ ಒಂದು ಸವರನ್ 5,16,000 ಪೌಂಡಿಗೆ ಹೋಯಿತು. ಆರು ವರ್ಷದಲ್ಲಿ ದರ ಸರಿಸುಮಾರು ಎರಡು ಪಟ್ಟಾಯಿತು. 2021ರಲ್ಲಿ ಅವನದೇ ಐದು ಪೌಂಡಿನ ದೊಡ್ಡ ಚಿನ್ನದ ಮಾದರಿ 22 ಲಕ್ಷ 80 ಸಾವಿರ ಡಾಲರ್ ತಂದಿತು. ಹಳೆಯದಾದಷ್ಟೂ ನಾಣ್ಯದ ಬೆಲೆ ಹೆಚ್ಚು ಎಂದು ನಂಬಿರುವವರು ಇಲ್ಲಿ ನಿಂತು ಯೋಚಿಸಬೇಕು. ಎರಡು ಸಾವಿರ ವರ್ಷದ ರೋಮನ್ ತಾಮ್ರದ ನಾಣ್ಯ ಇಂದಿಗೂ ಕೆಲವೇ ಸಾವಿರ ರೂಪಾಯಿಗೆ ಸಿಗುತ್ತದೆ, ಏಕೆಂದರೆ ನೆಲ ಅಗೆದಲ್ಲೆಲ್ಲ ಅದು ಸಿಕ್ಕಿದೆ. ಎಡ್ವರ್ಡನ ಸವರನ್‌ಗೆ ನೂರು ವರ್ಷವೂ ತುಂಬಿಲ್ಲ. ಸಂಖ್ಯೆ ಆರು, ಅದರಲ್ಲಿ ಎರಡನ್ನು ಮಾತ್ರ ಯಾರಾದರೂ ಕೊಳ್ಳಬಹುದು. ಬೇಕೆನ್ನುವ ಸಿರಿವಂತರು ಎಷ್ಟೋ ಮಂದಿ. ವಿಕ್ಟೋರಿಯಾ, ಏಳನೇ ಎಡ್ವರ್ಡ್, ಐದನೇ ಜಾರ್ಜ್, ಆರನೇ ಜಾರ್ಜ್ ಎಂದು ಸಾಲಾಗಿ ಜೋಡಿಸಿಕೊಂಡು ಬಂದ ಪ್ರತಿಯೊಬ್ಬ ಸಂಗ್ರಾಹಕನ ಪೆಟ್ಟಿಗೆಯಲ್ಲೂ ಒಂದು ಗುಳಿ ಖಾಲಿ ಉಳಿಯುತ್ತದೆ. ಹೋಲಿಕೆಗೆ ಹೇಳುವುದಾದರೆ ಆರನೇ ಜಾರ್ಜನ 1937ರ ಚಿನ್ನದ ನಾಣ್ಯಗಳ ಪೆಟ್ಟಿಗೆಗಳು ಹೊರಬಂದದ್ದೇ 5,501. ಅವೂ ವಿರಳ, ಅವಕ್ಕೂ ಒಳ್ಳೆಯ ಬೆಲೆಯಿದೆ, ಆದರೆ ಹುಡುಕಿದರೆ ಸಿಗುತ್ತವೆ.

ಜಾರ್ಜನ ಮುಖವನ್ನು ರೂಪಿಸಿದವನೂ ಪ್ಯಾಜೆಟ್ಟೇ. ಇಲ್ಲಿ ಟಂಕಸಾಲೆಗೆ ಒಂದು ಇಕ್ಕಟ್ಟು ಎದುರಾಯಿತು. ಎಡ್ವರ್ಡ್ ಎಡಕ್ಕೆ ನೋಡಿದ್ದಾನೆ, ಹಾಗಾದರೆ ತಮ್ಮ ಬಲಕ್ಕೆ ನೋಡಬೇಕೇ? ತೀರ್ಮಾನ ಬೇರೆಯಾಯಿತು. ಎಡ್ವರ್ಡನ ನಾಣ್ಯ ಹೊರಬಂದಿದ್ದರೆ ರೂಢಿಯಂತೆ ಅದು ಬಲಕ್ಕೆ ನೋಡಬೇಕಿತ್ತು, ಆದ್ದರಿಂದ ಜಾರ್ಜ್ ಎಡಕ್ಕೆ ನೋಡಲಿ ಎಂದರು. ಅಣ್ಣ ಹಟ ಹಿಡಿದು ಗೆದ್ದುಕೊಂಡದ್ದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಸರಪಳಿಯಲ್ಲಿ ಅವನಿಗೆ ಜಾಗ ಸಿಕ್ಕಿತು, ಆದರೆ ಅವನು ಬೇಡವೆಂದಿದ್ದ ದಿಕ್ಕಿನಲ್ಲಿ. ಅಲ್ಲಿಂದಾಚೆ ಎರಡನೇ ಎಲಿಜಬೆತ್ ಬಲಕ್ಕೆ ನೋಡಿದಳು. ಈಗಿನ ಮೂರನೇ ಚಾರ್ಲ್ಸ್ ಎಡಕ್ಕೆ ನೋಡುತ್ತಾನೆ. ಒಂದು ಸಂಸ್ಥೆ ಒಬ್ಬ ವ್ಯಕ್ತಿಯನ್ನು ಎಷ್ಟು ಸದ್ದಿಲ್ಲದೆ ತಿದ್ದಬಲ್ಲದು ಎಂಬುದಕ್ಕೆ ಇದಕ್ಕಿಂತ ಅಚ್ಚುಕಟ್ಟಾದ ಸಾಕ್ಷಿ ರಾಜಮನೆತನಗಳ ಇತಿಹಾಸದಲ್ಲಿ ನನಗೆ ಕಂಡಿಲ್ಲ.

ಈ ಸವರನ್ ನಮಗೆ ಪರದೇಶದ ವಸ್ತುವೇನೂ ಅಲ್ಲ. ಕರಾವಳಿ, ಕೊಡಗಿನ ಕಡೆ ಪವನು ಎಂದೂ, ಬೆಂಗಳೂರಿನ ಕಡೆ ಸವರನ್ ಎಂದೂ ಒಡವೆಯಂಗಡಿಯಲ್ಲಿ ಇಂದಿಗೂ ನಡೆಯುವ ಎಂಟು ಗ್ರಾಂ ಲೆಕ್ಕ ಈ ನಾಣ್ಯದ ತೂಕದಿಂದ ಬಂದದ್ದು. 1899ರಿಂದ ಸವರನ್ ಭಾರತದಲ್ಲಿ ಹದಿನೈದು ರೂಪಾಯಿ ಬೆಲೆಗೆ ಕಾನೂನುಬದ್ಧ ಹಣವೂ ಆಗಿತ್ತು. 1918ರಲ್ಲಿ ರಾಯಲ್ ಮಿಂಟ್ ಮುಂಬೈಯಲ್ಲಿ ಒಂದು ಶಾಖೆ ತೆರೆದು ಅದೊಂದೇ ವರ್ಷ ಸುಮಾರು 13 ಲಕ್ಷ ಸವರನ್‌ಗಳನ್ನು ಒತ್ತಿತು. ಇಸವಿಯ ಮೇಲ್ಗಡೆ, ಕುದುರೆಯ ಕಾಲಡಿಯ ನೆಲದ ಗೆರೆಯ ಮೇಲೆ, ಇಂಡಿಯಾವನ್ನು ಸೂಚಿಸುವ ಇಂಗ್ಲಿಷಿನ ಒಂದೇ ಒಂದು ‘ಐ’ ಅಕ್ಷರ ಇದ್ದರೆ ಅದು ಮುಂಬೈಯದು. ನಮ್ಮ ಹಳೆಯ ಮನೆಗಳಲ್ಲಿ ಸವರನ್‌ಗಳನ್ನು ಸರಕ್ಕೆ ಪೋಣಿಸಿದರು, ಮದುವೆಗೆ ಕೊಟ್ಟರು, ಕಷ್ಟ ಬಂದಾಗ ಮಾರಿದರು. 1931ರ ನಂತರ ಬೆಳೆಗೆ ಬೆಲೆ ಬಿದ್ದು ಚಿನ್ನಕ್ಕೆ ಬೆಲೆ ಏರಿದಾಗ ದೇಶದ ಹಳ್ಳಿಹಳ್ಳಿಗಳಿಂದ ಚಿನ್ನ ಹೊರಟು ಹಡಗೇರಿತು. ಹಾಗೆ ಹೋದದ್ದರಲ್ಲಿ ಎಷ್ಟೋ ಸವರನ್‌ಗಳೂ ಕರಗಿಹೋದವು.

ಆದ್ದರಿಂದ ಓದುಗರಲ್ಲಿ ಎರಡು ವಿನಂತಿ. ಅಜ್ಜಿಯ ಪೆಟ್ಟಿಗೆಯಲ್ಲಿ ರಾಜನ ಮುಖದ ಪವನು ಇದ್ದರೆ ಅದನ್ನು ಹೊಸ ಬಳೆಗೆಂದು ಕರಗಿಸುವ ಮೊದಲು ಇಸವಿ ನೋಡಿ, ಕುದುರೆಯ ಕಾಲಡಿಯ ಸಣ್ಣ ಅಕ್ಷರ ನೋಡಿ, ನಾಣ್ಯಶಾಸ್ತ್ರ ತಿಳಿದವರಿಗೆ ಒಮ್ಮೆ ತೋರಿಸಿ. ತಿಕ್ಕಿ ಹೊಳಪು ಕೊಡಬೇಡಿ, ಹೊಸದಾಗಿ ಕೊಂಡಿ ಬೆಸೆಯಬೇಡಿ. ಎರಡರಿಂದಲೂ ಸಂಗ್ರಾಹಕರ ಕಣ್ಣಿಗೆ ಬೆಲೆ ಇಳಿಯುತ್ತದೆ. ಇನ್ನೊಂದು, ಎಂಟನೇ ಎಡ್ವರ್ಡನ ಸವರನ್ ಅಥವಾ ಅವನ ಮುಖದ ರೂಪಾಯಿ ಇದೆ ಎಂದು ಯಾರಾದರೂ ಫೋನಿನಲ್ಲೋ ಜಾತ್ರೆಯಲ್ಲೋ ಹೇಳಿದರೆ ಹಣ ಕೊಡಬೇಡಿ. ಅವನ ಮುಖದ ರೂಪಾಯಿ ಚಲಾವಣೆಗೆ ಬರಲೇ ಇಲ್ಲ, ಅವನ ಹೆಸರಿನಲ್ಲಿ ಇತ್ತೀಚೆಗೆ ಮಾಡಿದ ಕಾಲ್ಪನಿಕ ನಾಣ್ಯಗಳು ಮಾತ್ರ ಬೇಕಾದಷ್ಟಿವೆ. ಹಳೆಯ ನಾಣ್ಯ, ನೋಟುಗಳ ಖರೀದಿಯ ಹೆಸರಿನಲ್ಲಿ ಶುಲ್ಕ, ಕಮಿಷನ್ ಕೇಳುವ ಮೋಸಗಾರರ ಬಗ್ಗೆ ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಸಾರ್ವಜನಿಕರನ್ನು ಎಚ್ಚರಿಸಿದೆ. ಆ ಬ್ಯಾಂಕು ಇಂಥ ವ್ಯವಹಾರ ನಡೆಸುವುದಿಲ್ಲ, ಯಾರಿಗೂ ಅದಕ್ಕೆ ಅಧಿಕಾರ ಕೊಟ್ಟಿಲ್ಲ.